ತಿಂಗಳಿಗೊಂದು ರಾತ್ರಿ ನೆಟ್‌ವರ್ಕ್ ನಿಲ್ಲಿಸಲು ಒಪ್ಪಿಗೆ ಕೊಡಿ

ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್‌ನ ಸಹಕಾರ ಬ್ಯಾಂಕು, ಕಾಲೇಜು, ಆಸ್ಪತ್ರೆಗಳ ಆಡಳಿತ ಮಂಡಳಿ ಸದಸ್ಯರಿಗೆ ಬಹಿರಂಗ ಪತ್ರ

ಸದಾಶಿವನಗರ, ತುಮಕೂರು

ಮಾನ್ಯರೇ,

ಮುಂದಿನ ವರ್ಷದ ಖರ್ಚಿನ ಅಂದಾಜು ಪಟ್ಟಿ ನಿಮ್ಮ ಸಭೆಗೆ ಬಂದಾಗ ಅದರಲ್ಲಿ ‘ಕಂಪ್ಯೂಟರ್ ನಿರ್ವಹಣೆ’ ಎಂಬ ಒಂದು ಸಾಲು ಇರುತ್ತದೆ. ಅದರ ಮೇಲೆ ಚರ್ಚೆ ನಡೆಯುವುದು ಅಪರೂಪ. ಹೋದ ವರ್ಷದಷ್ಟೇ ಇರಲಿ ಎಂದು ಒಬ್ಬರು ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ, ಸಭೆ ಮುಂದಿನ ವಿಷಯಕ್ಕೆ ಹೋಗುತ್ತದೆ. ಈ ಪತ್ರ ಆ ಒಂದು ಸಾಲಿನ ಬಗ್ಗೆ. ನಾನು ಸದಾಶಿವನಗರದಲ್ಲಿ ಮನೆ ಮಾಡಿಕೊಂಡು ಈ ಮೂರೂ ಊರುಗಳಲ್ಲಿ ನೆಟ್‌ವರ್ಕ್ ಕೆಲಸ ಮಾಡುವವನು. ನಿಮ್ಮಲ್ಲಿ ಕೆಲವರ ಸಂಸ್ಥೆಗಳಿಗೆ ಬಂದಿದ್ದೇನೆ. ಪತ್ರದಲ್ಲಿ ಯಾವ ಸಂಸ್ಥೆಯ ಹೆಸರನ್ನೂ ಎತ್ತುವುದಿಲ್ಲ. ಹೇಳಬೇಕಾದ ಮಾತು ಎಲ್ಲರಿಗೂ ಒಂದೇ.

ನಿಮ್ಮ ಕಟ್ಟಡದಲ್ಲಿ, ಮೆಟ್ಟಿಲ ಕೆಳಗೋ ಲ್ಯಾಬ್ ಪಕ್ಕದ ಬೀಗ ಹಾಕಿದ ಕೋಣೆಯಲ್ಲೋ, ಒಂದು ರ‍್ಯಾಕ್ ಇದೆ. ಅದರಲ್ಲಿ ಫೈರ್‌ವಾಲ್ ಇದೆ, ಸ್ವಿಚ್‌ಗಳಿವೆ, ಎರಡು ಕಂಪನಿಗಳಿಂದ ಬರುವ ಇಂಟರ್‌ನೆಟ್ ಲೈನುಗಳನ್ನು ಸೇರಿಸಿ ಹಂಚುವ ಪೆಟ್ಟಿಗೆ ಇದೆ. ದೊಡ್ಡ ಸಂಸ್ಥೆಯಾದರೆ ಸರ್ವರ್‌ಗಳ ಮುಂದೆ ಲೋಡ್ ಬ್ಯಾಲೆನ್ಸರ್ ಕೂಡ ಇರುತ್ತದೆ. ಕೆರೆಯ ನೀರನ್ನು ಯಾವ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂದು ನೋಡಿಕೊಳ್ಳುವ ನೀರುಗಂಟಿಯ ಕೆಲಸ ಇವುಗಳದ್ದು. ಯಾವ ಕೋರಿಕೆ ಯಾವ ಸರ್ವರ್‌ಗೆ ಹೋಗಬೇಕು, ಯಾವುದನ್ನು ಬಾಗಿಲಲ್ಲೇ ತಡೆಯಬೇಕು, ಒಂದು ಲೈನ್ ಕಡಿದರೆ ಇನ್ನೊಂದಕ್ಕೆ ಹೇಗೆ ತಿರುಗಿಸಬೇಕು, ಪರೀಕ್ಷೆಯ ಅರ್ಜಿ ತುಂಬುವ ದಿನ ವಿಡಿಯೊ ನೋಡುವವರ ಪಾಲನ್ನು ಎಷ್ಟು ಇಳಿಸಬೇಕು ಎಂಬುದನ್ನೆಲ್ಲ ಇವೇ ತೀರ್ಮಾನಿಸುತ್ತವೆ.

ಹರಿವು ಅಂಕೆ ತಪ್ಪಿದರೆ ಏನಾಗುತ್ತದೆಂದು 2025ರ ಆರಂಭದಲ್ಲಿ ಇಡೀ ರಾಜ್ಯ ನೋಡಿತು. ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದ ಮೇಲೆ 2024ರ ಡಿಸೆಂಬರ್‌ನಲ್ಲೂ 2025ರ ಜನವರಿಯಲ್ಲೂ ದಾಳಿ ನಡೆಯಿತು. ಋಣಭಾರ ಪ್ರಮಾಣಪತ್ರ ಹುಡುಕುವ ಪುಟಕ್ಕೆ ಕೃತಕ ಕೋರಿಕೆಗಳನ್ನು ಸುರಿದರು. ಜನವರಿಯ ದಾಳಿಯಲ್ಲಿ ಬಳಕೆಯಾದದ್ದು 62 ಇಮೇಲ್ ಖಾತೆ, 14 ಐಪಿ ವಿಳಾಸ. ಬಂದ ಕೋರಿಕೆಗಳು 6.2 ಲಕ್ಷ. ಮಗಳ ಮದುವೆಗೆಂದು ಸೈಟು ಮಾರಲು ಬಂದವರು, ಸಾಲಕ್ಕೆ ಜಮೀನು ಅಡ ಇಡಲು ಬಂದವರು ಉಪನೋಂದಣಾಧಿಕಾರಿ ಕಚೇರಿಗಳಿಂದ ಬರಿಗೈಲಿ ಹಿಂತಿರುಗಿದರು. ಜನರ ಬಾಯಲ್ಲಿ ಅದು ‘ಸರ್ವರ್ ಡೌನ್’. ಹದಿನಾಲ್ಕು ವಿಳಾಸಗಳಿಂದ ಲಕ್ಷಾಂತರ ಕೋರಿಕೆ ಬರುವುದು ಸಹಜವಲ್ಲ ಎಂದು ಗುರುತಿಸಿ ತಡೆಯುವುದು ಈ ಜಾತಿಯ ಉಪಕರಣಗಳಿಗೆ ಒಪ್ಪಿಸುವ ಕೆಲಸ.

ಈ ಪೆಟ್ಟಿಗೆಗಳ ಒಳಗೆ ದುಡಿಯುವುದು ತಂತ್ರಾಂಶ. ಅದನ್ನು ಮನುಷ್ಯರು ಬರೆಯುತ್ತಾರೆ. ಸಿಸ್ಕೊ, ಜುನಿಪರ್, ನೆಟ್‌ಸ್ಕೇಲರ್ ಉಪಕರಣಗಳ ಎಂಜಿನಿಯರಿಂಗ್‌ನ ಗಣನೀಯ ಪಾಲು ಬೆಂಗಳೂರಿನಲ್ಲೇ ನಡೆದಿದೆ. ಬೆಳಗಿನ ರೈಲು ಹಿಡಿದು ತುಮಕೂರಿನಿಂದ ಬೆಂಗಳೂರಿಗೆ ಇಂಥ ಕೆಲಸಕ್ಕೆ ಹೋಗಿಬರುವ ಹುಡುಗ ಹುಡುಗಿಯರನ್ನು ನೀವೂ ಬಲ್ಲಿರಿ. ಮನುಷ್ಯರು ಬರೆದದ್ದರಲ್ಲಿ ತಪ್ಪುಗಳಿರುತ್ತವೆ. ಅದಕ್ಕಾಗಿಯೇ ಕಂಪನಿಗಳು ಆಗಾಗ ಹೊಸ ಆವೃತ್ತಿ ಕೊಡುತ್ತವೆ, ಪ್ರತಿ ಆವೃತ್ತಿಯ ಜೊತೆ ಒಂದು ಕಾಗದವನ್ನೂ ಕೊಡುತ್ತವೆ. ಈ ಆವೃತ್ತಿಯಲ್ಲಿ ಯಾವ ದೋಷಗಳು ಸರಿಹೋಗಿವೆ, ಯಾವ ದೋಷಗಳು ಇವೆಯೆಂದು ಗೊತ್ತಿದ್ದೂ ಇನ್ನೂ ಸರಿಹೋಗಿಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಎರಡನೆಯ ಭಾಗವನ್ನು ‘ನೋನ್ ಇಶ್ಯೂಸ್’ ಎನ್ನುತ್ತಾರೆ. ಒಂದೊಂದು ದೋಷಕ್ಕೂ ಅದು ಹೇಗೆ ಕಾಣಿಸಿಕೊಳ್ಳುತ್ತದೆ, ಯಾವ ಸಂದರ್ಭದಲ್ಲಿ ಬರುತ್ತದೆ, ಸದ್ಯಕ್ಕೆ ಏನು ಮಾಡಿ ಪಾರಾಗಬಹುದು ಎಂದು ಎರಡು ಮೂರು ಸಾಲಿನ ವಿವರ. ನನ್ನ ಕಸುಬಿನಲ್ಲಿ ಇದಕ್ಕಿಂತ ಉಪಯುಕ್ತವಾದ ಓದು ಇನ್ನೊಂದಿಲ್ಲ. ನಮ್ಮ ಜಿಲ್ಲೆಯ ಬಹುತೇಕ ಸಂಸ್ಥೆಗಳಲ್ಲಿ ಇದನ್ನು ಓದುವುದು ಯಾರ ಕೆಲಸವೂ ಅಲ್ಲ.

ಖರೀದಿ ಸಮಿತಿಯಲ್ಲಿರುವವರಿಗೆ ಒಂದು ಮಾತು. ಉಪಕರಣ ಕೊಳ್ಳುವಾಗ ಈ ಪಟ್ಟಿ ಉದ್ದ ಇರುವ ಕಂಪನಿಯನ್ನು ಕಂಡು ಹಿಂಜರಿಯಬೇಡಿ. ತನ್ನ ದೋಷಗಳನ್ನು ದಿನಾಂಕ ಸಮೇತ ಬರೆದು ಪ್ರಕಟಿಸುವ ಕಂಪನಿ ಅವುಗಳನ್ನು ಹುಡುಕುತ್ತಿದೆ ಎಂದು ಅರ್ಥ. ಯಾವ ಪಟ್ಟಿಯೂ ಇಲ್ಲದ, ಕೊಟ್ಟ ಮೇಲೆ ಒಮ್ಮೆಯೂ ಹೊಸ ಆವೃತ್ತಿ ಬಾರದ ಅಗ್ಗದ ಪೆಟ್ಟಿಗೆಗೆ ನಾನು ಹೆದರುತ್ತೇನೆ.

ಆ ಕಾಗದದ ಒಂದು ಸಾಲು ಎಷ್ಟು ಮುಖ್ಯ ಎನ್ನುವುದಕ್ಕೆ 2017ರ ಮಾರ್ಚ್‌ನ ಒಂದು ಪ್ರಕಟಣೆ ನೋಡಿ. ಸಿಸ್ಕೊ ಕಂಪನಿಯ ಎಎಸ್‌ಎ ಎಂಬ ಫೈರ್‌ವಾಲ್ ಜಗತ್ತಿನ ಎಲ್ಲೆಡೆ, ನಮ್ಮ ದೇಶದ ಬ್ಯಾಂಕು ಕಾಲೇಜುಗಳಲ್ಲೂ, ಬಳಕೆಯಲ್ಲಿತ್ತು. ಅದರ ಕೆಲವು ಆವೃತ್ತಿಗಳಲ್ಲಿ ಒಂದು ದೋಷ: ಪೆಟ್ಟಿಗೆ ಎಡೆಬಿಡದೆ 213 ದಿನ ಓಡಿದರೆ ಅದರ ಮೂಲಕ ದತ್ತಾಂಶ ಹಾಯುವುದು ನಿಂತುಹೋಗುತ್ತದೆ. ದೀಪಗಳು ಉರಿಯುತ್ತಿರುತ್ತವೆ, ಕೆಲಸ ಮಾತ್ರ ಆಗುವುದಿಲ್ಲ. ಯುಗಾದಿಗೆ ಶುರು ಮಾಡಿದ ಪೆಟ್ಟಿಗೆ ದೀಪಾವಳಿಯ ಆಸುಪಾಸಿನಲ್ಲಿ ಕೈಕೊಡುತ್ತದೆ. ಪರಿಹಾರ ತೀರಾ ಸರಳವಾಗಿತ್ತು. ಆ ದಿನ ಬರುವ ಮೊದಲೇ ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು, ಆಮೇಲೆ ಬಿಡುವು ನೋಡಿ ಹೊಸ ಆವೃತ್ತಿ ಹಾಕಬೇಕು. ಪ್ರಕಟಣೆ ಓದಿದವರಿಗೆ ಅದು ಐದು ನಿಮಿಷದ ಕೆಲಸ. ಓದದವರು ಸೋಮವಾರ ಬೆಳಿಗ್ಗೆ ಕೌಂಟರ್ ಮುಂದೆ ಸರದಿ ಬೆಳೆಯುತ್ತಿರುವಾಗ ಕೇಬಲ್ ಎಳೆದು ನೋಡುತ್ತಾರೆ, ಇಂಟರ್‌ನೆಟ್ ಕಂಪನಿಗೆ ಫೋನ್ ಹಚ್ಚುತ್ತಾರೆ, ಜೆಸಿಬಿ ಎಲ್ಲಾದರೂ ಕೇಬಲ್ ಕಿತ್ತಿತೇ ಎಂದು ವಿಚಾರಿಸುತ್ತಾರೆ.

ಇದರಲ್ಲಿ ನಮ್ಮ ಊರುಗಳಿಗೆ ಹೊಂದುವ ಇನ್ನೊಂದು ಸಂಗತಿಯಿದೆ. ದಿನಾ ಕರೆಂಟ್ ಹೋಗಿ ಬರುವ ಕಡೆ ಪೆಟ್ಟಿಗೆ ತಾನಾಗಿಯೇ ಮತ್ತೆ ಮತ್ತೆ ಶುರುವಾಗುತ್ತದೆ. ದಿನಗಳ ಎಣಿಕೆ 213ಕ್ಕೆ ಮುಟ್ಟುವುದೇ ಇಲ್ಲ. ಒಳ್ಳೆಯ ಯುಪಿಎಸ್, ಜನರೇಟರ್ ಇರುವ ಆಸ್ಪತ್ರೆಯಲ್ಲಿ ಈ ದೋಷ ಹೊರಬೀಳುತ್ತದೆ. ‘ನಮ್ಮ ಸಿಸ್ಟಂ ಎರಡು ವರ್ಷದಿಂದ ಒಮ್ಮೆಯೂ ನಿಂತಿಲ್ಲ’ ಎಂದು ಹೆಮ್ಮೆಯಿಂದ ಹೇಳುವವರನ್ನು ಕಂಡರೆ ನನಗೆ ಚಿಂತೆ ಶುರುವಾಗುತ್ತದೆ. ಎರಡು ವರ್ಷದಿಂದ ಅದಕ್ಕೆ ಅಪ್‌ಡೇಟ್ ಆಗಿಲ್ಲ ಎಂದೇ ಆ ಮಾತಿನ ಅರ್ಥ, ಯಾಕೆಂದರೆ ಹೊಸ ಆವೃತ್ತಿ ಕೂರಬೇಕಾದರೆ ಸಾಮಾನ್ಯವಾಗಿ ಪೆಟ್ಟಿಗೆ ಒಮ್ಮೆ ನಿಲ್ಲಲೇಬೇಕು.

ಅದೇ 2017ರ ಫೆಬ್ರವರಿಯಲ್ಲಿ ಸಿಸ್ಕೊ ಇನ್ನೊಂದು ವಿಷಯ ಪ್ರಕಟಿಸಿತು. ಅದರ ಕೆಲವು ರೂಟರ್, ಸ್ವಿಚ್, ಫೈರ್‌ವಾಲ್‌ಗಳಲ್ಲಿ ಗಡಿಯಾರದ ಸಂಕೇತ ಕೊಡುವ ಬಿಡಿಭಾಗ ಸುಮಾರು 18 ತಿಂಗಳ ಬಳಕೆಯ ನಂತರ ಕೆಡುವ ಸಂಭವವಿತ್ತು. ಇದನ್ನು ಯಾವ ಅಪ್‌ಡೇಟ್‌ನಿಂದಲೂ ಸರಿಪಡಿಸುವಂತಿರಲಿಲ್ಲ, ಪೆಟ್ಟಿಗೆಯನ್ನೇ ಬದಲಿಸಬೇಕಿತ್ತು. ಕಂಪನಿ ಬದಲಿಸಿ ಕೊಡಲು ಮುಂದೆ ಬಂತು, ಆದರೆ 2016ರ ನವೆಂಬರ್ 16ರಂದು ವಾರಂಟಿಯಲ್ಲಿದ್ದ ಅಥವಾ ನಿರ್ವಹಣಾ ಒಪ್ಪಂದ ಚಾಲ್ತಿಯಲ್ಲಿದ್ದ ಪೆಟ್ಟಿಗೆಗಳಿಗೆ ಮಾತ್ರ. ನಿರ್ವಹಣಾ ಒಪ್ಪಂದದ (ಎಎಂಸಿ) ನವೀಕರಣದ ಕಡತ ನಿಮ್ಮ ಮುಂದೆ ಬಂದಾಗ, ಹೋದ ವರ್ಷ ಒಂದೂ ದೂರು ಬಂದಿಲ್ಲವಲ್ಲ, ಈ ಸಲ ಬಿಡೋಣ ಎನಿಸಿದರೆ ದಯವಿಟ್ಟು ಇದನ್ನು ನೆನಪಿಸಿಕೊಳ್ಳಿ. ಒಪ್ಪಂದ ಕೈಬಿಟ್ಟರೆ ಹಲವು ಕಂಪನಿಗಳು ಹೊಸ ಆವೃತ್ತಿಯನ್ನು ಇಳಿಸಿಕೊಳ್ಳಲೂ ಬಿಡುವುದಿಲ್ಲ. ಆಗ ದೋಷ ಯಾವುದು, ಮದ್ದು ಯಾವುದು ಎಂದು ನಮಗೆ ತಿಳಿದಿದ್ದರೂ ಕೈಗೆ ಸಿಗುವುದಿಲ್ಲ.

ಇವೆಲ್ಲ ದೊಡ್ಡ ಕಂಪನಿಗಳ ದುಬಾರಿ ಪೆಟ್ಟಿಗೆಗಳಾಯಿತು, ನಮ್ಮದು ಸಣ್ಣ ಸಂಸ್ಥೆ, ನಮ್ಮ ಮೇಲೆ ಯಾರಿಗೆ ಕಣ್ಣು ಎಂದು ಕೇಳುವವರಿದ್ದಾರೆ. ಅವರಿಗೆ ಉತ್ತರ ಕರ್ನಾಟಕದಲ್ಲೇ ಇದೆ. 2017ರ ಜುಲೈ ಕೊನೆಯ ವಾರ ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದಲ್ಲಿ ಮನೆಮನೆಯ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಒಂದರ ಹಿಂದೊಂದು ಸ್ತಬ್ಧವಾದವು. ಸುಮಾರು 60,000 ಮೋಡೆಮ್‌ಗಳಿಗೆ ತೊಂದರೆಯಾಗಿದೆ ಎಂದು ಸಂಸ್ಥೆಯ ಮುಖ್ಯಸ್ಥರು ಹೇಳಿದರು. ಕೆಟ್ಟ ಮೋಡೆಮ್‌ಗಳಲ್ಲಿ ಸಮಾನವಾದದ್ದು ಒಂದೇ: ಕಾರ್ಖಾನೆಯಿಂದ ಬಂದಾಗ ಇದ್ದ ‘ಅಡ್ಮಿನ್’ ಎಂಬ ಬಳಕೆದಾರ ಹೆಸರು, ‘ಅಡ್ಮಿನ್’ ಎಂಬ ಪಾಸ್‌ವರ್ಡ್ ಹಾಗೆಯೇ ಉಳಿದಿದ್ದವು. ಬಿಎಸ್‌ಎನ್‌ಎಲ್‌ನ ಮುಖ್ಯ ಜಾಲಕ್ಕಾಗಲಿ ಬಿಲ್ಲಿಂಗ್ ವ್ಯವಸ್ಥೆಗಾಗಲಿ ಏನೂ ಆಗಲಿಲ್ಲ. ಏಟು ಬಿದ್ದದ್ದು ಮನೆಯ ಗೋಡೆಯ ಮೇಲಿದ್ದ, ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದ್ದ ಪುಟ್ಟ ಪೆಟ್ಟಿಗೆಗಳಿಗೆ. ‘ಬ್ರಿಕರ್‌ಬಾಟ್’ ಎಂಬ ಕುತಂತ್ರಾಂಶದ ಕರ್ತೃ ಇದನ್ನು ಮಾಡಿದ್ದು ತಾನೇ ಎಂದು ಆಮೇಲೆ ಹೇಳಿಕೊಂಡ.

ಈ ದೋಷ ಹೊಸದಾಗಿರಲಿಲ್ಲ ಎಂಬುದೇ ನನ್ನನ್ನು ಇಂದಿಗೂ ಕಾಡುವ ಸಂಗತಿ. ದೂರದಿಂದ ಮೋಡೆಮ್ ನಿರ್ವಹಿಸಲೆಂದು ತೆರೆದಿಡುವ 7547 ಸಂಖ್ಯೆಯ ಪೋರ್ಟ್ ಮೂಲಕ 2016ರ ನವೆಂಬರ್‌ನಲ್ಲೇ ಜರ್ಮನಿಯ ಡಾಯ್ಚ ಟೆಲಿಕಾಂನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಕೆಡಿಸಿದ್ದರು. ಬ್ರಿಕರ್‌ಬಾಟ್‌ನ ಹೆಸರು, ಅದರ ವಿಧಾನ 2017ರ ಏಪ್ರಿಲ್‌ನಲ್ಲೇ ಬಹಿರಂಗವಾಗಿತ್ತು. ಕರ್ನಾಟಕದಲ್ಲಿ ದಾಳಿಯಾದಾಗ ಜರ್ಮನಿಯ ಘಟನೆಯಾಗಿ ಎಂಟು ತಿಂಗಳು ಕಳೆದಿದ್ದವು. ಆ ಕಾಲದಲ್ಲಿ ತೆರೆದ ಪೋರ್ಟ್ ಮುಚ್ಚಬಹುದಿತ್ತು, ಪಾಸ್‌ವರ್ಡ್ ಬದಲಿಸಿ ಎಂದು ಗ್ರಾಹಕರಿಗೆ ಕನ್ನಡದಲ್ಲಿ ಒಂದು ಸಂದೇಶ ಕಳುಹಿಸಬಹುದಿತ್ತು. ಇವತ್ತಿಗೂ ನಾನು ಹೋಗುವ ಎಷ್ಟೋ ಕಡೆ ರೂಟರ್‌ನ ಪಾಸ್‌ವರ್ಡ್ ಅದರ ಮೈಮೇಲೆ ಅಂಟಿಸಿದ ಚೀಟಿಯಲ್ಲೇ ಇರುತ್ತದೆ. ಕಟ್ಟಡದ ಉದ್ಘಾಟನೆಯ ದಿನ ಹಾಕಿದ ಆವೃತ್ತಿಯೇ ಇನ್ನೂ ಓಡುತ್ತಿರುತ್ತದೆ.

ಸಹಕಾರ ಬ್ಯಾಂಕಿನವರು 2024ರ ಜುಲೈ 31ನ್ನು ಮರೆತಿರಲಾರಿರಿ. ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಕೊಡುವ ಸಿ-ಎಡ್ಜ್ ಕಂಪನಿಗೆ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಂವೇರ್ ತಗುಲಿ, ಯುಪಿಐ ನಡೆಸುವ ಎನ್‌ಪಿಸಿಐ ಅದನ್ನು ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ದೇಶದ ಸುಮಾರು 300 ಸಹಕಾರ ಮತ್ತು ಗ್ರಾಮೀಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ಮತ್ತಿತರ ಪಾವತಿ ಸೇವೆಗಳಲ್ಲಿ ತೊಡಕಾಯಿತು. ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆ ಈ ಘಟನೆಯ ಬಗ್ಗೆ ಕೊಟ್ಟ ವರದಿ ಬೊಟ್ಟು ಮಾಡಿದ್ದು ಬೇರೊಂದು ಕಂಪನಿಯಲ್ಲಿದ್ದ, ಸರಿಯಾಗಿ ಹೊಂದಿಸದ ತಂತ್ರಾಂಶ ಕಟ್ಟಲು ಬಳಸುವ ಜೆಂಕಿನ್ಸ್ ಸರ್ವರ್ ಕಡೆಗೆ. ಅದರಲ್ಲಿ ಬಳಕೆಯಾದ ದೋಷಕ್ಕೆ ಜನವರಿಯಲ್ಲೇ ಪ್ಯಾಚ್ (ದೋಷ ಸರಿಪಡಿಸುವ ತುಣುಕು) ಬಂದಿತ್ತು. ಇಲ್ಲಿಯೂ ಆರು ತಿಂಗಳ ಕಾಲಾವಕಾಶವಿತ್ತು.

ಇಷ್ಟು ಓದಿದ ಮೇಲೆ, ಹಾಗಾದರೆ ಅಪ್‌ಡೇಟ್ ಬಂದ ಕೂಡಲೇ ಹಾಕಿಬಿಡಿ ಎಂದು ನೀವು ಹೇಳಬಹುದು. ಅದಕ್ಕೂ ನಾನು ಒಪ್ಪುವುದಿಲ್ಲ. 2022ರ ಜುಲೈ 8ರಂದು ಕೆನಡಾದ ರಾಜರ್ಸ್ ಕಂಪನಿ ತನ್ನ ಮುಖ್ಯ ಜಾಲವನ್ನು ನವೀಕರಿಸುತ್ತಿತ್ತು. ಏಳು ಹಂತಗಳ ಕೆಲಸದ ಆರನೆಯ ಹಂತದಲ್ಲಿ ರೂಟರ್‌ಗಳಿಗೆ ಎಷ್ಟು ಮಾರ್ಗಮಾಹಿತಿ ಹರಿಯಬೇಕೆಂದು ತಡೆಹಿಡಿಯುವ ಒಂದು ಸೋಸುಕವನ್ನು ತೆಗೆದರು. ಮಾಹಿತಿ ಒಮ್ಮೆಲೇ ನುಗ್ಗಿ ರೂಟರ್‌ಗಳು ಕುಸಿದವು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಫೋನ್ ಇಲ್ಲ, ಇಂಟರ್‌ನೆಟ್ ಇಲ್ಲ. ಅಂಗಡಿಗಳಲ್ಲಿ ಕಾರ್ಡ್ ನಡೆಯಲಿಲ್ಲ. ಆಮೇಲಿನ ತನಿಖೆಯಲ್ಲಿ ಎರಡು ಸಂಗತಿ ಹೊರಬಂದವು. ಮೊದಲಿಗೆ ಈ ಕೆಲಸದ ಅಪಾಯವನ್ನು ‘ಹೆಚ್ಚು’ ಎಂದು ಗುರುತಿಸಿದ್ದರು. ಹಿಂದಿನ ಹಂತಗಳು ಸಲೀಸಾಗಿ ಮುಗಿದವೆಂದು ಅದನ್ನು ‘ಕಡಿಮೆ’ಗೆ ಇಳಿಸಿದರು. ಎರಡನೆಯದು, ಕೆಟ್ಟ ರೂಟರ್‌ಗಳನ್ನು ದೂರದಿಂದ ತಲುಪಿ ಸರಿಪಡಿಸುವ ದಾರಿಯೂ ಕೆಟ್ಟ ಜಾಲದ ಮೇಲೇ ಇತ್ತು. ಸರಿಪಡಿಸಬೇಕಾದ ಸಿಬ್ಬಂದಿಯ ಸಂಪರ್ಕವೇ ಕಡಿದುಹೋಗಿತ್ತು.

2025ರ ಸೆಪ್ಟೆಂಬರ್ 18ರಂದು ಆಸ್ಟ್ರೇಲಿಯಾದಲ್ಲಿ ನಡೆದದ್ದು ಇನ್ನೂ ನೋವಿನದು. ಆಪ್ಟಸ್ ಕಂಪನಿ ಒಂದು ಫೈರ್‌ವಾಲ್ ಅಪ್‌ಗ್ರೇಡ್ ಮಾಡಿತು. ಮಾಮೂಲಿ ಕರೆಗಳೆಲ್ಲ ಹೋಗುತ್ತಿದ್ದವು. ಆಂಬುಲೆನ್ಸ್, ಪೊಲೀಸರಿಗೆ ಮಾಡುವ ತುರ್ತು ಕರೆಗಳು ಮಾತ್ರ ಹತ್ತು ಗಂಟೆಗೂ ಹೆಚ್ಚು ಕಾಲ ಕೆಲವು ರಾಜ್ಯಗಳಲ್ಲಿ ಸೇರಲಿಲ್ಲ. ಕೆಲವು ಗ್ರಾಹಕರು ದೂರು ಹೇಳಿದರೂ ಅದು ತಿಳಿಯಬೇಕಾದವರಿಗೆ ಬೇಗ ತಿಳಿಯಲಿಲ್ಲ. ಕರೆಗೆ ಯತ್ನಿಸಿದ ಮನೆಗಳಲ್ಲಿ ಸಾವುಗಳಾದದ್ದು ವರದಿಯಾಯಿತು. ಅಪ್‌ಗ್ರೇಡ್ ಮುಗಿದ ಮೇಲೆ ‘ನೆಟ್ ಬರ್ತಾ ಐತೆ’ ಎಂದು ನೋಡಿ ಮನೆಗೆ ಹೋಗುವುದು ಸಾಲದು. ಯಾವ ಯಾವ ಸೇವೆ ಆ ಪೆಟ್ಟಿಗೆಯ ಮೂಲಕ ಹೋಗುತ್ತದೋ ಅದನ್ನೆಲ್ಲ ಒಂದೊಂದಾಗಿ ಪರೀಕ್ಷಿಸಬೇಕು. ಆಸ್ಪತ್ರೆಯಲ್ಲಾದರೆ ಲ್ಯಾಬ್ ವರದಿ, ಐಸಿಯು, ತುರ್ತು ವಿಭಾಗದ ಫೋನ್. ಬ್ಯಾಂಕಿನಲ್ಲಾದರೆ ಶಾಖೆ, ಎಟಿಎಂ, ಯುಪಿಐ. ಕಾಲೇಜಿನಲ್ಲಾದರೆ ಪರೀಕ್ಷಾ ವಿಭಾಗ.

ಬೇಗ ಹಾಕದಿದ್ದರೂ ಅಪಾಯ, ಅವಸರದಿಂದ ಹಾಕಿದರೂ ಅಪಾಯ. ಇದನ್ನು ನಿಭಾಯಿಸಲು ಒಂದೇ ದಾರಿ ಇದೆ: ಓದುವುದು, ಈಗಿರುವ ಹೊಂದಾಣಿಕೆಗಳ ನಕಲು ಇಟ್ಟುಕೊಳ್ಳುವುದು, ಇನ್ನೊಂದು ಪೆಟ್ಟಿಗೆಯ ಮೇಲೆ ಹಾಕಿ ನೋಡುವುದು, ಕೆಟ್ಟರೆ ಹಳೆಯ ಆವೃತ್ತಿಗೆ ಮರಳುವ ದಾರಿ ಬರೆದಿಟ್ಟುಕೊಳ್ಳುವುದು, ಗೊತ್ತುಪಡಿಸಿದ ಹೊತ್ತಿನಲ್ಲಿ ನಿಲ್ಲಿಸಿ ಮಾಡುವುದು. ಇದಕ್ಕೆ ಬೇಕಾದ ಜ್ಞಾನ ನಮ್ಮ ಹುಡುಗರಲ್ಲಿದೆ. ಸಮಯ, ಪೆಟ್ಟಿಗೆ, ಅಧಿಕಾರ ಮೂರೂ ನಿಮ್ಮ ಕೈಯಲ್ಲಿವೆ. ಅದಕ್ಕೇ ಪತ್ರ ನಿಮಗೆ ಬರೆದೆ.

ರಾತ್ರಿ ಒಂದು ಗಂಟೆ ನಿಲ್ಲಿಸಲು ಒಪ್ಪಿಗೆ ಕೇಳಿದಾಗ ಏನು ಉತ್ತರ ಬರುತ್ತದೆಂದು ನಿಮಗೂ ಗೊತ್ತು. ‘ನಡೀತಾ ಐತಲ್ಲ ಸಾರ್, ಸುಮ್ನೆ ಯಾಕೆ ಕೈ ಹಾಕ್ತೀರಾ?’ ಆಮೇಲೆ, ಪರೀಕ್ಷೆ ಮುಗೀಲಿ. ಆಮೇಲೆ, ಮಾರ್ಚ್ ಎಂಡ್ ಕಳೀಲಿ. ಆಮೇಲೆ, ಅಧ್ಯಕ್ಷರು ಊರಲ್ಲಿಲ್ಲ. ನಿಲ್ಲಿಸಲು ಹೇಳಿ ಏನಾದರೂ ಹೆಚ್ಚುಕಡಿಮೆ ಆದರೆ ಹೇಳಿದವರ ಮೇಲೆ ಬರುತ್ತದೆ, ಸುಮ್ಮನಿದ್ದು ದಾಳಿಯಾದರೆ ಯಾರ ಮೇಲೂ ಬರುವುದಿಲ್ಲ ಎಂಬ ಭಯ ಎಲ್ಲರಲ್ಲಿದೆ. ಈ ಭಯವನ್ನು ಸಭೆಯ ಒಂದು ನಿರ್ಣಯದಿಂದ ನೀವು ತೆಗೆದುಹಾಕಬಲ್ಲಿರಿ.

ತಿಂಗಳ ನಾಲ್ಕನೇ ಶನಿವಾರ ರಾತ್ರಿಯನ್ನು ಇದಕ್ಕೆಂದು ಗೊತ್ತುಮಾಡಿ ಎಂಬುದು ನನ್ನ ಸಲಹೆ. ಬ್ಯಾಂಕುಗಳಿಗೆ ಅಂದು ರಜೆ. ಮೈಕ್ರೊಸಾಫ್ಟ್, ಫೋರ್ಟಿನೆಟ್‌ನಂಥ ಕಂಪನಿಗಳು ತಿಂಗಳ ಎರಡನೇ ಮಂಗಳವಾರ ದೋಷಗಳ ಪ್ರಕಟಣೆ ಹೊರಡಿಸುತ್ತವೆ. ಎರಡರ ನಡುವೆ 11 ಅಥವಾ 18 ದಿನ ಸಿಗುತ್ತದೆ. ಹೊಸ ಆವೃತ್ತಿಯನ್ನು ಮೊದಲೇ ಹಾಕಿದವರಿಗೆ ಏನು ತೊಂದರೆಯಾಯಿತೆಂದು ಕೇಳಿ ತಿಳಿಯಲು, ನಮ್ಮಲ್ಲಿ ಪರೀಕ್ಷಿಸಲು ಅಷ್ಟು ಸಾಕು. ಆಸ್ಪತ್ರೆಗೆ ರಜೆಯಿಲ್ಲ, ನಿಜ. ಅಲ್ಲಿ ಎರಡು ಪೆಟ್ಟಿಗೆಗಳನ್ನು ಜೋಡಿಯಾಗಿ ಇಟ್ಟು ಒಂದರ ನಂತರ ಒಂದನ್ನು ನವೀಕರಿಸಬೇಕು. ಖರ್ಚು ಹೆಚ್ಚು, ಒಪ್ಪುತ್ತೇನೆ. ಆದರೆ 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಮೇಲೆ ದಾಳಿಯಾದ ಮೇಲೆ ಹೊರರೋಗಿಗಳ ಚೀಟಿಯಿಂದ ಲ್ಯಾಬ್ ವರದಿಯವರೆಗೆ ಎಲ್ಲವನ್ನೂ ದಿನಗಟ್ಟಲೆ ಕೈಯಲ್ಲೇ ಬರೆದರು. ಜಾಲವನ್ನು ಸರಿಯಾಗಿ ಭಾಗ ಮಾಡದಿದ್ದದ್ದು ದಾಳಿಗೆ ದಾರಿಯಾಯಿತು ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ರೋಗಿಗಳ ವೈಫೈ, ಲ್ಯಾಬ್ ಯಂತ್ರಗಳು, ಬಿಲ್ಲಿಂಗ್ ಎಲ್ಲವೂ ಒಂದೇ ಜಾಲದಲ್ಲಿರುವ ಆಸ್ಪತ್ರೆಗಳು ನಮ್ಮಲ್ಲೂ ಇವೆ.

ತಿಂಗಳಿಗೊಮ್ಮೆ ಎಂಬ ನಿಯಮಕ್ಕೆ ಒಂದು ವಿನಾಯಿತಿ ಇರಲೇಬೇಕು. ಕೆಲವು ದೋಷಗಳು ನಾಲ್ಕನೇ ಶನಿವಾರದವರೆಗೆ ಕಾಯುವುದಿಲ್ಲ. 2020ರ ಜೂನ್ ಕೊನೆಯಲ್ಲಿ ಎಫ್5 ಕಂಪನಿಯ ಬಿಗ್-ಐಪಿ ಲೋಡ್ ಬ್ಯಾಲೆನ್ಸರ್‌ನಲ್ಲಿ ತೀವ್ರತೆಯ ಅಳತೆಯಲ್ಲಿ 10ಕ್ಕೆ 10 ಅಂಕದ ದೋಷ ಪ್ರಕಟವಾಯಿತು. ಕೆಲವೇ ದಿನಗಳಲ್ಲಿ ಅದನ್ನು ಬಳಸಿ ನುಗ್ಗತೊಡಗಿದರು. ಸಿಟ್ರಿಕ್ಸ್‌ನ ನೆಟ್‌ಸ್ಕೇಲರ್ ದೋಷಕ್ಕೆ 2023ರ ಅಕ್ಟೋಬರ್ 10ರಂದು ಪ್ಯಾಚ್ ಬಂತು. ಅದೇ ತಿಂಗಳ 16ರಿಂದ 19ರ ನಡುವೆ ಅಮೆರಿಕದ ಕಾಮ್‌ಕಾಸ್ಟ್ ಒಳಗೆ ನುಗ್ಗಿ ಸುಮಾರು 3.6 ಕೋಟಿ ಗ್ರಾಹಕರ ಮಾಹಿತಿಯನ್ನು ಮುಟ್ಟಿದ್ದರು. ಆ ಪ್ಯಾಚ್ ಹಾಕಿದರಷ್ಟೇ ಸಾಲುತ್ತಿರಲಿಲ್ಲ. ಅದಕ್ಕೂ ಮೊದಲು ಕದ್ದ ಲಾಗಿನ್ ಸೆಷನ್‌ಗಳು ಜೀವಂತವಾಗಿರುತ್ತಿದ್ದವು. ಅವನ್ನೆಲ್ಲ ಕೈಯಾರೆ ಮುಗಿಸಬೇಕಿತ್ತು. ಆಮೇಲೆ ಬಂದ ಸೂಚನೆಗಳನ್ನೂ ಓದಿದವರಿಗೆ ಮಾತ್ರ ಅದು ಗೊತ್ತಾಯಿತು. 2025ರ ಅಕ್ಟೋಬರ್ 15ರಂದು ಎಫ್5 ಇನ್ನೊಂದು ವಿಷಯ ತಿಳಿಸಿತು: ತನ್ನ ಜಾಲದೊಳಗೆ ದೀರ್ಘಕಾಲ ಸೇರಿಕೊಂಡಿದ್ದವರು ಬಿಗ್-ಐಪಿಯ ಮೂಲಸಂಕೇತದ ಭಾಗಗಳನ್ನೂ, ತಾನು ಇನ್ನೂ ಸರಿಪಡಿಸುತ್ತಿದ್ದ ದೋಷಗಳ ಮಾಹಿತಿಯನ್ನೂ ಕದ್ದಿದ್ದಾರೆ. ಅಮೆರಿಕ ತನ್ನ ಸರ್ಕಾರಿ ಕಚೇರಿಗಳಿಗೆ ಮುಖ್ಯ ಉಪಕರಣಗಳನ್ನು ನವೀಕರಿಸಲು ಕೊಟ್ಟ ಗಡುವು ಒಂದು ವಾರ. ಇಂಥ ಹೊತ್ತಿನಲ್ಲಿ ಯಾರ ಸಹಿಗೂ ಕಾಯದೆ ಜಾಲ ನಿಲ್ಲಿಸಿ ಪ್ಯಾಚ್ ಹಾಕುವ ಅಧಿಕಾರವನ್ನು ನಿಮ್ಮ ತಾಂತ್ರಿಕ ಸಿಬ್ಬಂದಿಗೆ ಬರವಣಿಗೆಯಲ್ಲಿ ಕೊಡಿ.

ಓದುವ ಕೆಲಸ ಯಾರದ್ದು ಎಂಬುದನ್ನೂ ನಡಾವಳಿ ಪುಸ್ತಕದಲ್ಲಿ ಹೆಸರು ಹಾಕಿ ಬರೆಯಿರಿ. ಪ್ರತಿ ಸಂಸ್ಥೆಗೂ ಒಬ್ಬರನ್ನು ಇಡುವ ಶಕ್ತಿ ಇಲ್ಲದಿದ್ದರೆ ನಾಲ್ಕಾರು ಸಂಸ್ಥೆಗಳು ಸೇರಿ ಒಬ್ಬರನ್ನು ಇಟ್ಟುಕೊಳ್ಳಬಹುದು. ಸಹಕಾರದ ಹೆಸರಿನಲ್ಲೇ ನಡೆಯುವ ಸಂಸ್ಥೆಗಳಿಗೆ ಇದನ್ನು ವಿವರಿಸಬೇಕಿಲ್ಲ. ನಮ್ಮಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಕೊನೆಯ ವರ್ಷದ ವಿದ್ಯಾರ್ಥಿಗಳು ಪ್ರತಿ ತಿಂಗಳ ಪ್ರಕಟಣೆಗಳನ್ನು ಓದಿ, ಈ ಜಿಲ್ಲೆಯಲ್ಲಿ ಬಳಕೆಯಲ್ಲಿರುವ ಮಾದರಿಗಳಿಗೆ ಸಂಬಂಧಿಸಿದ್ದನ್ನು ಆರಿಸಿ, ಒಂದು ಪುಟದ ಕನ್ನಡ ಟಿಪ್ಪಣಿ ಮಾಡಿ ಹಂಚಿದರೆ ಅವರಿಗೆ ಅದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಇರಲಾರದು. ಕನ್ನಡದಲ್ಲಿರಲಿ ಎನ್ನುವುದಕ್ಕೆ ಕಾರಣವಿದೆ. ತೀರ್ಮಾನ ತೆಗೆದುಕೊಳ್ಳುವ ನೀವು ಅದನ್ನು ಓದಬೇಕು, ಸಭೆಯಲ್ಲಿ ಪ್ರಶ್ನೆ ಕೇಳಬೇಕು. ಅಪ್‌ಡೇಟ್ ಆದ ಮೇಲೆ ಕಂಡ ತೊಡಕುಗಳನ್ನೂ ಅದೇ ಹಾಳೆಯಲ್ಲಿ ಬರೆದು ಹಂಚಿಕೊಂಡರೆ ಗುಬ್ಬಿಯಲ್ಲಿ ಕಂಡ ದೋಷವನ್ನು ಕುಣಿಗಲ್‌ನಲ್ಲಿ ಮತ್ತೊಬ್ಬರು ಹೊಸದಾಗಿ ಹುಡುಕಬೇಕಿಲ್ಲ. ಯಾವ ಸಂಸ್ಥೆ ಯಾವ ಆವೃತ್ತಿಯಲ್ಲಿದೆ ಎಂಬುದು ಮಾತ್ರ ಹೊರಗಿನವರಿಗೆ ತಿಳಿಯಬಾರದು. ಕಳ್ಳರಿಗೆ ಬೇಕಿರುವುದು ಅದೇ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ನಗರ ಸಹಕಾರ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2018ರ ಅಕ್ಟೋಬರ್‌ನಲ್ಲೂ 2019ರ ಡಿಸೆಂಬರ್ 31ರಂದೂ ಹೊರಡಿಸಿದ ಸೈಬರ್ ಭದ್ರತಾ ಚೌಕಟ್ಟುಗಳು ಪ್ಯಾಚ್ ನಿರ್ವಹಣೆಯನ್ನು ಬ್ಯಾಂಕಿನ ಕರ್ತವ್ಯದಲ್ಲಿ ಸೇರಿಸಿವೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದಂತೆ ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಉಪಕರಣಗಳ ಗಡಿಯಾರ ಸರಿಹೊಂದಿಸಿಟ್ಟಿರಬೇಕು. ನಾನು ನೋಡಿದ ಕೆಲವು ಫೈರ್‌ವಾಲ್‌ಗಳಲ್ಲಿ ಗಡಿಯಾರವೇ ವರ್ಷಗಳಷ್ಟು ಹಿಂದಿತ್ತು. ಅಂಥ ಲಾಗ್‌ನಿಂದ ಯಾವ ತನಿಖೆಯೂ ಸಾಗುವುದಿಲ್ಲ.

ಕೊನೆಯದಾಗಿ ನಿಮ್ಮ ಸಿಬ್ಬಂದಿಯ ಪರವಾಗಿ ಒಂದು ವಿನಂತಿ. ಶನಿವಾರ ರಾತ್ರಿ ಎಲ್ಲರೂ ಹೋದ ಮೇಲೆ ಕೂತು ಈ ಕೆಲಸ ಮಾಡುವವರಿಗೆ ಅದರ ಬದಲು ರಜೆ ಕೊಡಿ. ಕ್ರಮ ಪ್ರಕಾರ ಮಾಡಿದ ಅಪ್‌ಡೇಟ್ ಕೈಕೊಟ್ಟರೆ ಅವರಿಗೆ ನೋಟಿಸ್ ಕೊಡಬೇಡಿ, ಏನಾಯಿತೆಂದು ಬರೆಸಿಕೊಳ್ಳಿ. ನೋಟಿಸಿಗೆ ಹೆದರಿದವರು ಮುಂದಿನ ತಿಂಗಳು ಏನನ್ನೂ ಮುಟ್ಟುವುದಿಲ್ಲ. ಗ್ರಾಹಕರಿಗೆ, ವಿದ್ಯಾರ್ಥಿಗಳಿಗೆ ಎರಡು ದಿನ ಮೊದಲೇ ಕನ್ನಡದಲ್ಲಿ ಫಲಕ ಹಾಕಿ, ಎಸ್‌ಎಂಎಸ್ ಕಳುಹಿಸಿ. ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಸೇವೆ ಇರುವುದಿಲ್ಲ ಎಂದು ಮೊದಲೇ ಹೇಳಿದರೆ ನಮ್ಮ ಜನ ಸಹಿಸಿಕೊಳ್ಳುತ್ತಾರೆ.

ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿ. ಅಂದು ನಿಮ್ಮ ತಾಂತ್ರಿಕ ಸಿಬ್ಬಂದಿಯನ್ನು ಒಳಗೆ ಕರೆಸಿ ಮೂರು ಪ್ರಶ್ನೆ ಕೇಳಿ: ನಮ್ಮ ಫೈರ್‌ವಾಲ್‌ನಲ್ಲಿ ಈಗ ಯಾವ ಆವೃತ್ತಿ ಇದೆ, ಅದಕ್ಕೆ ಗೊತ್ತಿರುವ ದೋಷಗಳು ಯಾವುವು, ಅದನ್ನು ಕೊನೆಯ ಸಲ ನವೀಕರಿಸಿದ್ದು ಯಾವಾಗ. ಉತ್ತರ ಸಿಗದಿದ್ದರೆ ಅವರನ್ನು ದೂರದೆ ನಾಲ್ಕನೇ ಶನಿವಾರದ ನಿರ್ಣಯವನ್ನು ಅವತ್ತೇ ಪಾಸು ಮಾಡಿ.

ಇಂತಿ,
ನಿಮ್ಮ ವಿಶ್ವಾಸಿ,
ಸದಾಶಿವನಗರದ ಒಬ್ಬ ನೆಟ್‌ವರ್ಕ್ ಕೆಲಸಗಾರ